ಪಂಪು ಲಗೇಜಲ್ಲ: ಬೆಂಗಳೂರು–ಮಂಗಳೂರು ಎಸಿ ಸ್ಲೀಪರ್ ಬಸ್ಸಿನ ಬಗ್ಗೆ ದೂರು

ಇವರಿಗೆ,
ಮುಖ್ಯಸ್ಥರು, ಪ್ರಯಾಣಿಕರ ದೂರು ವಿಭಾಗ

ವಿಷಯ: ಫೆಬ್ರವರಿ 20ರ ರಾತ್ರಿ ಅಸ್ತಮಾ ಇನ್ಹೇಲರ್ (ಪಂಪು) ಇದ್ದ ಬ್ಯಾಗನ್ನು ಡಿಕ್ಕಿಗೆ ಹಾಕಿಸಿ, ಕೇಳಿದಾಗ ಕೊಡದೆ ಇದ್ದದ್ದು. (ಮೂರು ಫೋನು, ಎರಡು ಇಮೇಲ್ ಆದ ಮೇಲೆ.)

ಮಾನ್ಯರೇ,

ನಿನ್ನೆ ನಿಮ್ಮ ಉತ್ತರ ಬಂತು. ನನ್ನ ಲಗೇಜು ಸುರಕ್ಷಿತವಾಗಿ ತಲುಪಿದೆಯಂತೆ, ಅದು ನಿಮ್ಮ ದಾಖಲೆಯಲ್ಲಿ ಇದೆಯಂತೆ, ಹಾಗಾಗಿ ದೂರನ್ನು ಮುಕ್ತಾಯ ಮಾಡಲಾಗಿದೆಯಂತೆ. ಬಹಳ ಸಂತೋಷ. ಲಗೇಜು ಚೆನ್ನಾಗಿಯೇ ತಲುಪಿತು, ಒಂದು ಗೀರೂ ಬಿದ್ದಿರಲಿಲ್ಲ. ನಾನು ಹೇಗೆ ತಲುಪಿದೆ ಅಂತ ನಿಮ್ಮ ಕಡೆಯವರು ಯಾರೂ ಕೇಳಲಿಲ್ಲ. ಅದನ್ನು ಹೇಳೋಣ ಅಂತ ಈ ಪತ್ರ. ಸಮಾಧಾನವಾಗಿ ಬರೆಯಬೇಕು ಅಂತ ಕೂತಿದ್ದೇನೆ. ಎಷ್ಟು ಹೊತ್ತು ಆಗುತ್ತದೋ ನೋಡೋಣ.

ಟಿಕೆಟ್ಟಿನ ಹಿಂದಿನ 9ನೇ ನಿಯಮ ನಿಮಗೆ ಬಾಯಿಪಾಠ ಇರುತ್ತದೆ, ಬರೆದವರು ನೀವೇ ಅಲ್ವಾ. ಔಷಧಿ ಪ್ರಯಾಣಿಕರ ಹತ್ತಿರವೇ ಇರಬೇಕು ಅಂತ ಅದರಲ್ಲಿ ಇದೆ. ಆದರೆ ಆನಂದರಾವ್ ಸರ್ಕಲ್ಲಿನಲ್ಲಿ ರಾತ್ರಿ 10:40ಕ್ಕೆ ಬಸ್ ಹತ್ತುವಾಗ ನಿಮ್ಮ ಅಟೆಂಡರ್ ನನ್ನ ಹೆಗಲಿನ ಬ್ಯಾಗನ್ನೇ ಹಿಡಿದುಕೊಂಡರು. ಮೇಲಿನ ಬರ್ತು, ಜಾಗ ಇಲ್ಲ, ಡಿಕ್ಕಿಗೆ ಹಾಕಲೇಬೇಕು ಅಂದರು. ಅದರಲ್ಲಿ ಔಷಧಿ ಇದೆ ಅಂದೆ. "ನಾನು ಇರ್ತೀನಲ್ಲಾ ಸರ್, ಕೇಳಿದ ತಕ್ಷಣ ತೆಕ್ಕೊಡ್ತೀನಿ" ಅಂದರು. ಹಿಂದೆ ಆರು ಜನ ಕಾಯುತ್ತಿದ್ದರು. ಕೊಟ್ಟುಬಿಟ್ಟೆ.

ಪಂಪನ್ನು ಜೇಬಲ್ಲಿ ಇಟ್ಟುಕೊಳ್ಳಬೇಕಿತ್ತು ಅಂತ ನೀವು ಹೇಳಬಹುದು. ಅದನ್ನು ನನ್ನ ಹೆಂಡತಿ ಆಗಲೇ ಹೇಳಿದ್ದಾಳೆ, ನಿಮಗಿಂತ ಚೆನ್ನಾಗಿ.

ಹಾಸನ ದಾಟಿದ ಮೇಲೆ ಒಂದು ಮಗು ವಾಂತಿ ಮಾಡಿತು. ಪಾಪ, ಮಗುವಿನ ತಪ್ಪಲ್ಲ. ನಿಮ್ಮ ಅಟೆಂಡರ್ ಒರೆಸಿದರು, ಅದಕ್ಕೂ ಮೆಚ್ಚುಗೆ ಇದೆ. ಆಮೇಲೆ ಒಂದು ರೂಮ್ ಫ್ರೆಶ್ನರ್ ಡಬ್ಬಿ ಹಿಡಿದು ಬಸ್ಸಿನ ಆ ತುದಿಯಿಂದ ಈ ತುದಿಗೆ ಎರಡು ಸಲ ಹೊಡೆದರು. ಮಲ್ಲಿಗೆ ವಾಸನೆಯಂತೆ. ಶಂಕರಪುರದ ಮಲ್ಲಿಗೆ ಮುಡಿಯುವ ಮನೆಯಿಂದ ಬಂದವನು ನಾನು, ಅದನ್ನು ಮಲ್ಲಿಗೆ ಅಂತ ಒಪ್ಪಲಾರೆ. ಒಂದು ಕಿಟಕಿಯೂ ತೆರೆಯದ ಬಸ್ಸು. ಮೇಲಿಂದ ತಣ್ಣನೆ ಎಸಿ ಗಾಳಿ ನೇರ ಮುಖಕ್ಕೆ. ಐದು ನಿಮಿಷದಲ್ಲಿ ನನ್ನ ಎದೆಯಲ್ಲಿ ಸುಯ್ ಸುಯ್ ಶುರುವಾಯಿತು.

ಉಬ್ಬಸ ಅಂದರೆ ಗಾಳಿ ಒಳಗೆ ಹೋಗಲ್ಲ ಅಂತ ಜನ ಅಂದುಕೊಂಡಿದ್ದಾರೆ. ಹೆಚ್ಚಿನ ಕಷ್ಟ ಹೊರಗೆ ಬಿಡೋದರಲ್ಲಿ. ಶ್ವಾಸನಾಳದ ಸುತ್ತ ಇರುವ ಸ್ನಾಯು ಮುಷ್ಟಿ ಬಿಗಿದ ಹಾಗೆ ಬಿಗಿಯುತ್ತದೆ. ಒಳಗಡೆ ಊತ, ಕಫ ಬೇರೆ. ಹಳೇ ಗಾಳಿ ಹೋಗದೆ ಹೊಸ ಗಾಳಿಗೆ ಜಾಗ ಇಲ್ಲ. ಆ ಮುಷ್ಟಿಯನ್ನು ಬಿಡಿಸುವುದು ನೀಲಿ ಪಂಪಿನಲ್ಲಿರುವ ಸಾಲ್ಬುಟಮಾಲ್ ಔಷಧಿ. ಒಂದು ಸಲ ಒತ್ತಿದರೆ 100 ಮೈಕ್ರೋಗ್ರಾಂ, ಕೆಲವೇ ನಿಮಿಷದಲ್ಲಿ ಸಡಿಲ, ನಾಲ್ಕರಿಂದ ಆರು ಗಂಟೆ ಬಿಡುವು. ನಾನು ಬೆಳಿಗ್ಗೆ, ರಾತ್ರಿ ತಪ್ಪದೆ ಎಳೆಯುವ ಬ್ಯುಡೆಸೊನೈಡ್ ಪಂಪು ಬೇರೆ. ಅದು ದಿನಾ ತೆಗೆದುಕೊಂಡು ಊತ ತಡೆಯೋಕೆ. ದಮ್ಮು ಹತ್ತಿದ ಹೊತ್ತಿಗೆ ಅದರಿಂದ ಏನೂ ಆಗಲ್ಲ. ಆ ಹೊತ್ತಿಗೆ ನೀಲಿ ಪಂಪೇ ಬೇಕು. ಅದು ನಿಮ್ಮ ಡಿಕ್ಕಿಯಲ್ಲಿತ್ತು.

ಮೂರು ಗಂಟೆ ದಾಟಿತ್ತು. ಸಕಲೇಶಪುರದಲ್ಲಿ ಬಸ್ ನಿಂತಿತು. ಡಿಕ್ಕಿ ತೆರೆದ ಸದ್ದು ಕೇಳಿ ದೇವರು ಕಣ್ಣು ಬಿಟ್ಟ ಅಂದುಕೊಂಡೆ. ಬರ್ತಿನಿಂದ ಹೇಗೋ ಇಳಿದು ಬಾಗಿಲಿಗೆ ಬಂದೆ. ಅಷ್ಟೊತ್ತಿಗೆ ಒಂದು ಪೂರ್ತಿ ವಾಕ್ಯ ಆಡುವಷ್ಟು ಉಸಿರು ಇರಲಿಲ್ಲ. ಇದನ್ನು ನೆನಪಿಟ್ಟುಕೊಂಡು ಮುಂದೆ ಓದಿ.

"ಬ್ಯಾಗು... ಪಂಪು..." ಅಂದೆ.

"ಪಂಪ್ ಇಳಿಸ್ತಾ ಇದೀವಿ ಸರ್. ನಿಮ್ದೇನಾ ಅದು?"

ನಿಜವಾಗಿಯೂ ಪಂಪು ಇಳಿಸುತ್ತಿದ್ದರು. ಕಾಫಿ ತೋಟಕ್ಕೆ ನೀರು ಹೊಡೆಯುವ ಮೋಟಾರ್ ಪಂಪು. ಮೂರು ಜನ ಹಿಡಿದುಕೊಂಡಿದ್ದರು. ಅದರ ಜೊತೆ ಪೈಪು, ನಾಲ್ಕು ರಟ್ಟಿನ ಪೆಟ್ಟಿಗೆ.

"ಅದಲ್ಲ... ನನ್ನ... ಉಸಿರು..."

"ಉಸಿರಾ?" ಅಂತ ಅವರು ಡ್ರೈವರ್ ಕಡೆ ತಿರುಗಿದರು. "ಅಣ್ಣಾ, ಇವರು ಜಾಸ್ತಿ ತಗೊಂಡಿದಾರೆ ಅನ್ಸುತ್ತೆ."

ನಾನು ಕುಡಿಯುವವನಲ್ಲ. ಅದನ್ನು ಹೇಳೋಕೂ ದಮ್ಮು ಇರಲಿಲ್ಲ. ಎದೆ ತೋರಿಸಿದೆ. ಬಾಯಿಗೆ ಪಂಪು ಒತ್ತುವ ಹಾಗೆ ಬೆರಳಲ್ಲಿ ಅಭಿನಯ ಮಾಡಿದೆ. ನನ್ನ ವಯಸ್ಸು 47, ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಸಕಲೇಶಪುರದ ರಸ್ತೆಯಲ್ಲಿ ನಡುರಾತ್ರಿ ಮೂಕಾಭಿನಯ ಮಾಡುತ್ತಾ ನಿಂತಿದ್ದೆ. ಬಾಗಿಲ ಹತ್ತಿರದ ಬರ್ತಿನ ಪರದೆ ಸರಿಸಿ ಇಬ್ಬರು ಹುಡುಗರು ನೋಡುತ್ತಿದ್ದರು. ಒಬ್ಬ ನಕ್ಕ.

ಕೊನೆಗೆ ಅಟೆಂಡರಿಗೆ ಅರ್ಥವಾಯಿತು. "ಓ, ಆ ಬ್ಯಾಗಾ? ಅದು ಪಾರ್ಸೆಲ್ ಹಿಂದೆ ಹೋಗ್ಬಿಟ್ಟಿದೆ ಸರ್. ಎಲ್ಲಾ ಇಳಿಸ್ಬೇಕಾಗುತ್ತೆ. ಮಂಗಳೂರಲ್ಲಿ ಕೊಡ್ತೀನಿ, ಇನ್ನು ನಾಲ್ಕ್ ಗಂಟೆ ಅಷ್ಟೇ. ಬಿಸಿನೀರು ಕುಡೀರಿ, ಸರಿಹೋಗುತ್ತೆ."

ನಾಲ್ಕು ಗಂಟೆ ಅಷ್ಟೇ! ಆಮೇಲೆ "ಟೈಮ್ ಆಯ್ತು" ಅಂತ ಡಿಕ್ಕಿ ಮುಚ್ಚಿದರು. ಪಾರ್ಸೆಲ್ ಇಳಿಸೋಕೆ ಹನ್ನೆರಡು ನಿಮಿಷ ಇತ್ತು, ಬ್ಯಾಗು ತೆಗೆಯೋಕೆ ಮಾತ್ರ ಟೈಮ್ ಇರಲಿಲ್ಲ. ಶಿರಾಡಿ ಘಾಟಿಯಲ್ಲಿ ಬಸ್ ನಿಲ್ಲಿಸಿ ಅಂತ ನಾನು ಕೇಳಿಲ್ಲ. ಆ ತಿರುವಿನಲ್ಲಿ ನಿಲ್ಲಿಸಬಾರದು ಅಂತ ನನಗೂ ಗೊತ್ತು. ನಿಂತಿದ್ದ ಬಸ್ಸಿನಲ್ಲಿ, ತೆರೆದಿದ್ದ ಡಿಕ್ಕಿಯಿಂದ, ನನ್ನದೇ ಬ್ಯಾಗು ಕೇಳಿದೆ.

ನಾನು ಬದುಕಿದ್ದು ಕೆಳಗಿನ ಬರ್ತಿನ ಒಬ್ಬ ಅಜ್ಜನಿಂದ. ಘಾಟಿ ಇಳಿಯುವಾಗ ನನ್ನ ಸುಯ್ ಸುಯ್ ಕೇಳಿಯೇ ಅವರು ಎದ್ದು ಕೂತರಂತೆ. "ನನಗೂ ಅದೇ ಮಾರಾಯ್ರೇ" ಅಂತ ತಮ್ಮ ನೀಲಿ ಪಂಪು ಕೊಟ್ಟರು. ಕುಲುಕಿ, ಉಸಿರು ಪೂರ್ತಿ ಬಿಟ್ಟು, ನಿಧಾನ ಎಳೆಯುತ್ತಾ ಒತ್ತಿ, ಹತ್ತು ಸೆಕೆಂಡು ಹಿಡಿಯಬೇಕು. ನನಗೆ ಎರಡು ಸೆಕೆಂಡೂ ಹಿಡಿಯೋಕೆ ಆಗಲಿಲ್ಲ, ಔಷಧಿಯೆಲ್ಲ ನಾಲಿಗೆ ಮೇಲೆ. ಆಗ ಮಂಗಳೂರಿನಲ್ಲಿ ನರ್ಸಿಂಗ್ ಓದುವ ಒಬ್ಬ ಹುಡುಗಿ ನೀವು ಕೊಟ್ಟ ಅರ್ಧ ಲೀಟರ್ ನೀರಿನ ಬಾಟಲಿಯನ್ನು ಖಾಲಿ ಮಾಡಿ, ತಳದಲ್ಲಿ ತೂತು ಕೊರೆದು, ಪಂಪಿನ ಮೂತಿ ಅದಕ್ಕೆ ಸಿಕ್ಕಿಸಿದಳು. ಆಸ್ಪತ್ರೆಯಲ್ಲಿ ಸ್ಪೇಸರ್ ಅಂತಾರಲ್ಲ, ಅದೇ ಕೆಲಸ. ಒಂದು ಸಲ ಒತ್ತೋದು, ಬಾಟಲಿ ಬಾಯಿಂದ ನಿಧಾನವಾಗಿ ನಾಲ್ಕೈದು ಉಸಿರು, ಮತ್ತೆ ಒತ್ತೋದು. ಆರು ಸಲ ಆಯಿತು. ಗುಂಡ್ಯ ಬರುವಷ್ಟರಲ್ಲಿ ಮಾತಾಡುವ ಹಾಗಾದೆ. ನಿಮ್ಮ ಬಸ್ಸಿನ ಸೌಲಭ್ಯಗಳಲ್ಲಿ ನನ್ನ ಉಪಯೋಗಕ್ಕೆ ಬಂದಿದ್ದು ಆ ಬಾಟಲಿ ಒಂದೇ. ಅದನ್ನು ಇಟ್ಟುಕೊಂಡಿದ್ದೇನೆ, ಮುಂದೆ ಬೇಕಾಗುತ್ತದೆ.

ಅಷ್ಟು ಪಂಪು ಎಳೆದರೆ ಕೈ ನಡುಗುತ್ತದೆ, ಎದೆ ಡಬಡಬ ಅನ್ನುತ್ತದೆ. ಇದು ಔಷಧಿಯ ಗುಣ. ನಡುಗುವ ಕೈ ನೋಡಿ ನಿಮ್ಮ ಅಟೆಂಡರ್ ಡ್ರೈವರಿಗೆ ಹೇಳಿದ್ದು, "ನಾನು ಹೇಳ್ಲಿಲ್ವಾ ಅಣ್ಣಾ?"

ಫೋನುಗಳ ವಿಷಯ ಬೇಗ ಮುಗಿಸುತ್ತೇನೆ. ಮೊದಲ ಸಲ, ಫ್ರೆಶ್ನರ್ ನಿಮ್ಮ ಪ್ರೀಮಿಯಂ ಸೌಲಭ್ಯ ಅಂದರು. ಎರಡನೇ ಸಲ, ಬ್ಯಾಗಿನಲ್ಲಿ ಏನು ಕಳೆದಿದೆ ಅಂತ ಕೇಳಿದರು. ಮೂರನೇ ಸಲ 150 ರೂಪಾಯಿ ಕೂಪನ್, 30 ದಿನದೊಳಗೆ ಬಳಸಬೇಕು. ಪ್ರತಿ ವರ್ಷ ಮೃಗಶಿರೆಗೆ ಹೈದರಾಬಾದಿನಲ್ಲಿ ಅಸ್ತಮಾಕ್ಕೆ ಜೀವಂತ ಮೀನು ನುಂಗಿಸುತ್ತಾರೆ, ಗೊತ್ತಲ್ಲ? ನನಗೆ ಅದರಲ್ಲಿ ನಂಬಿಕೆ ಇಲ್ಲ. ಆದರೂ ಅವರು ಕೊಡುತ್ತೇವೆ ಅಂದ ಹೊತ್ತಿಗೆ ಕೊಡುತ್ತಾರೆ.

ನನಗೆ ಬೇಕಾಗಿರುವುದು ಇಷ್ಟು. ಟಿಕೆಟ್ಟಿನ 1,350 ರೂಪಾಯಿ ವಾಪಸ್. ಲಿಖಿತ ಕ್ಷಮೆ. ಪಂಪು, ಇನ್ಸುಲಿನ್ ಇಂಥವು ಇರುವ ಬ್ಯಾಗು ಡಿಕ್ಕಿಗೆ ಹೋಗಬಾರದು ಅಂತ ಎಲ್ಲ ಅಟೆಂಡರುಗಳಿಗೂ ಹೇಳಿ, ಹೇಳಿದ್ದೀರಿ ಅನ್ನೋದಕ್ಕೆ ನನಗೊಂದು ಪ್ರತಿ. ಆ ಅಟೆಂಡರ್ ಹುಡುಗನನ್ನು ಕೆಲಸದಿಂದ ತೆಗೆಯಬೇಡಿ. ಅವನಿಗೆ ಯಾರೂ ಹೇಳಿಕೊಟ್ಟಿಲ್ಲ, ತಪ್ಪು ನಿಮ್ಮದು.

ಆನ್‌ಲೈನ್ ಮಾರಾಟಕ್ಕೆ ಇರುವ 2020ರ ಇ-ಕಾಮರ್ಸ್ ನಿಯಮದಲ್ಲಿ ದೂರು ತಲುಪಿದೆ ಅಂತ ಹೇಳೋಕೆ 48 ಗಂಟೆ, ಬಗೆಹರಿಸೋಕೆ ಒಂದು ತಿಂಗಳು ಕೊಟ್ಟಿದ್ದಾರೆ. ನಿಮಗೆ ಗೊತ್ತಿರುತ್ತದೆ. ಆ ತಿಂಗಳು ಮುಗಿದ ಮಾರನೇ ದಿನ ನಾನು ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. 5 ಲಕ್ಷದವರೆಗೆ ಅಲ್ಲಿ ಶುಲ್ಕವೂ ಇಲ್ಲ. ಅಜ್ಜ ಬರುತ್ತಾರೆ, ಹುಡುಗಿ ಬರುತ್ತಾಳೆ, ಬಾಟಲಿಯೂ ಬರುತ್ತದೆ. ಪ್ರಯಾಣಿಕರ ಬಸ್ಸಿನ ಡಿಕ್ಕಿಯಲ್ಲಿ ಮೋಟಾರ್ ಪಂಪು ಏನು ಮಾಡುತ್ತಿತ್ತು ಅಂತ ಆರ್‌ಟಿಓದವರನ್ನೂ ಕೇಳುತ್ತೇನೆ.

ಇನ್ನೊಂದು ವಿಷಯ. 2019ರ ಕಾಯ್ದೆ ಪ್ರಕಾರ ಗ್ರಾಹಕ ತಾನು ಇರುವ ಊರಲ್ಲೇ ದೂರು ಕೊಡಬಹುದು. ನಾನಿರುವುದು ಮಂಗಳೂರಿನಲ್ಲಿ, ನಿಮ್ಮ ಆಫೀಸು ಬೆಂಗಳೂರಿನಲ್ಲಿ. ಹಾಗಾಗಿ ಪ್ರತಿ ಸಲ ಬರಬೇಕಾದವರು ನೀವು. ನಿಮ್ಮದೇ ಬಸ್ಸಿನಲ್ಲಿ ಬನ್ನಿ. ರಾತ್ರಿ 10:40ಕ್ಕೆ ಆನಂದರಾವ್ ಸರ್ಕಲ್ಲಿನಿಂದ ಹೊರಡುತ್ತದೆ. ಬೇಕಿದ್ದರೆ ನನ್ನ ಕೂಪನ್ ಬಳಸಿಕೊಳ್ಳಿ.

ಇಂತಿ,
ಮೇಲಿನ ಬರ್ತು 7ರ ಪ್ರಯಾಣಿಕ