ಗವಾನನ ಮೊಹರು, ನಮ್ಮ 90 ಸೆಕೆಂಡು

ಮಾನ್ಯರೇ,

ಬೀದರಿನ ಐವರು ಪದವಿ ವಿದ್ಯಾರ್ಥಿಗಳು ನಾವು. ಥ್ರಿಲ್ಲರ್ ಕಿರುಚಿತ್ರವೊಂದರ ಮೊದಲ 90 ಸೆಕೆಂಡುಗಳಿಗಾಗಿಯೇ ಎರಡು ತಿಂಗಳು ತಲೆ ಕೆಡಿಸಿಕೊಂಡಿದ್ದೇವೆ. ಕಥೆ ಕೊಟ್ಟದ್ದು ನಮ್ಮೂರೇ. 1481ರಲ್ಲಿ ಬಹಮನಿ ಸುಲ್ತಾನ ತನ್ನ ಪ್ರಧಾನಿ ಮಹಮೂದ್ ಗವಾನನನ್ನು ಕೊಲ್ಲಿಸಿದ್ದು ಒಂದು ನಕಲಿ ಪತ್ರವನ್ನು ನಂಬಿ. ಅದರ ಮೇಲಿದ್ದ ಮೊಹರು ಮಾತ್ರ ಅಸಲಿ. ಇದಕ್ಕಿಂತ ಒಳ್ಳೆಯ ಆರಂಭ ಎಲ್ಲಿ ಸಿಕ್ಕೀತು? ಮೊದಲು ಕತ್ತಲೆ, ಕಾಗದ ಸರಿಯುವ ಸದ್ದು. ಆಮೇಲೆ ಖಾಲಿ ಹಾಳೆಗೆ ಮೊಹರು ಒತ್ತುವ ಕೈ; ಮುಖ ಕಾಣಿಸುವುದಿಲ್ಲ. ಥಟ್ಟನೆ ಇಂದಿನ ಮುಂಜಾನೆ: ಮಂಜಿನಲ್ಲಿ ಗವಾನನ ಮದರಸಾದ ಉಳಿದ ಒಂಟಿ ಮಿನಾರು, ಕೆಳಗೆ ಓಡುತ್ತಿರುವ ಹುಡುಗಿ.

ಈ ಕೊನೆಯ ದೃಶ್ಯಕ್ಕೇ ತೊಡಕು. ಸಂರಕ್ಷಿತ ಸ್ಮಾರಕದಲ್ಲಿ ಚಿತ್ರೀಕರಣಕ್ಕೆ ಅನುಮತಿ ಬೇಕು, ಬೇಕೇ ಬೇಕು. ಆದರೆ ಅರ್ಜಿ ಎಲ್ಲಿ ಕೊಡಬೇಕೆಂದು ಕೇಳುತ್ತ ಮೂರು ಕಚೇರಿ ಅಲೆದೆವು. ‘ಸಿನಿಮಾ ಬೆಂಗಳೂರಿನವರ ಕೆಲಸ’ ಎಂದರು ಒಬ್ಬರು. ಆ ಮಾತು ಇನ್ನೂ ಚುಚ್ಚುತ್ತಿದೆ. ಅರ್ಜಿಯ ಕ್ರಮವನ್ನು ಕನ್ನಡದಲ್ಲಿ ಬರೆದು ಸ್ಮಾರಕಗಳ ಬಾಗಿಲಲ್ಲಿ ಹಾಕಲಿ. ವಿದ್ಯಾರ್ಥಿಗಳಿಗೆ ಶುಲ್ಕ ಇಳಿಸಲಿ. ಚಳಿಗಾಲದ ಮಂಜು ಕರಗುವ ಮೊದಲು ನಮಗೆ ಒಂದೇ ಒಂದು ಮುಂಜಾನೆ ಸಾಕು.

– ಪದವಿ ವಿದ್ಯಾರ್ಥಿನಿ, ಬೀದರ್