ತಪ್ಪು ಮಾತ್ರೆ ಕೊಟ್ಟದ್ದನ್ನು ಬರೆದಿಡಲು ಒಂದು ಪುಸ್ತಕ ಬೇಡವೇ?

ಮಾನ್ಯ ಸಂಪಾದಕರೇ,

ಕಳೆದ ಆಟಿ ತಿಂಗಳಲ್ಲಿ ನಮ್ಮ ಮನೆಯಲ್ಲಿ ನಡೆದದ್ದನ್ನು ಮೊದಲು ಹೇಳಿಬಿಡುತ್ತೇನೆ. ಅಮ್ಮನಿಗೆ 71 ವರ್ಷ. ಬಿಪಿ, ಶುಗರ್ ಎರಡೂ ಇದೆ. ತಿಂಗಳಿಗೊಮ್ಮೆ ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರಕ್ಕೆ ಹೋಗಿ ಮಾತ್ರೆ ತರುತ್ತಾರೆ. ಆ ದಿನ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಹೊರಗೆ ಜೋರು ಮಳೆ, ಮೈಗೆ ಚಳಿ ಹತ್ತುವಂಥ ಗಾಳಿ, ಅಮ್ಮ ಮಾತ್ರ ಪತ್ರೊಡೆಗೆಂದು ಕೆಸುವಿನೆಲೆ ಹರಡಿಕೊಂಡು ಕುಳಿತಲ್ಲೇ ಬೆವರುತ್ತಿದ್ದರು. ಕೈ ನಡುಗುತ್ತಿತ್ತು. ನಾನು ಒಂದು ಕೇಳಿದರೆ ಅವರು ಇನ್ನೊಂದು ಹೇಳುತ್ತಿದ್ದರು. ನಮ್ಮ ಪುಣ್ಯಕ್ಕೆ ಆಶಾ ಕಾರ್ಯಕರ್ತೆಯ ಮನೆ ಎರಡು ಮನೆ ಆಚೆಗೇ ಇದೆ. ಅವರು ಓಡಿ ಬಂದು ಬೆರಳು ಚುಚ್ಚಿ ನೋಡಿದರೆ ಶುಗರ್ 54ಕ್ಕೆ ಇಳಿದಿತ್ತು. ಸಕ್ಕರೆ ನೀರು ಕುಡಿಸಿ ಅರ್ಧ ಗಂಟೆಯ ಮೇಲೆ ಅಮ್ಮ ಸರಿಯಾಗಿ ಮಾತಾಡಿದರು.

ಆಮೇಲೆ ಮಾತ್ರೆಯ ಡಬ್ಬ ನೆಲಕ್ಕೆ ಸುರಿದು ನೋಡಿದೆ. ಎರಡು ಕಾಗದದ ಕವರ್. ಒಂದರ ಮೇಲೆ ಪೆನ್ನಿನಲ್ಲಿ ಬಿಪಿ ಅಂತ, ಇನ್ನೊಂದರ ಮೇಲೆ ಶುಗರ್ ಅಂತ ಬರೆದಿತ್ತು. ಒಳಗಿದ್ದದ್ದು ಮಾತ್ರ ಎರಡರಲ್ಲೂ ಗ್ಲಿಮೆಪಿರೈಡ್, ಅಂದರೆ ಶುಗರ್ ಮಾತ್ರೆಯೇ. ಬಿಪಿ ಕವರಿನೊಳಗಿನ ಮಾತ್ರೆಯ ಪಟ್ಟಿಯನ್ನು (ಸ್ಟ್ರಿಪ್) ಕತ್ತರಿಯಲ್ಲಿ ಕತ್ತರಿಸಿದ್ದ ಕಾರಣ ಹೆಸರು ಅರ್ಧ ಹಾರಿಹೋಗಿತ್ತು, ಉಳಿದ ಅಕ್ಷರ ಓದಲು ನನಗೇ ಕನ್ನಡಕ ಬೇಕಾಯಿತು. ಮೂರು ದಿನದಿಂದ ಅಮ್ಮ ಶುಗರ್ ಮಾತ್ರೆ ಎರಡೆರಡು ನುಂಗಿದ್ದಾರೆ, ಬಿಪಿ ಮಾತ್ರೆ ಒಂದೂ ಇಲ್ಲ.

ಕವರ್ ಹಿಡಿದುಕೊಂಡು ಕೇಂದ್ರಕ್ಕೆ ಹೋದೆ. ಔಷಧಿ ಕೊಡುವವರು ನೋಡಿದ ಕೂಡಲೇ ಅವರ ಮುಖ ಬಿಳಿಚಿತು. ತಕ್ಷಣ ಬದಲಿಸಿ ಕೊಟ್ಟರು. ಅವರು ಮೂರು ದಿನ ಇಲ್ಲಿ, ಮೂರು ದಿನ ಇನ್ನೊಂದು ಕೇಂದ್ರದಲ್ಲಿ. ಕಿಟಕಿಯ ಹೊರಗೆ ಕೊಡೆ ಮಡಚಿಕೊಂಡು ನಿಂತವರ ಸಾಲು ಗೇಟಿನವರೆಗೆ ಇತ್ತು. "ದಯವಿಟ್ಟು ಮೇಲಿನವರಿಗೆ ಹೇಳ್ಬೇಡಿ, ಕೆಲಸಕ್ಕೆ ಕುತ್ತು ಬರ್ತದೆ" ಎಂದರು. ನಾನು ಹೇಳಲಿಲ್ಲ. ಅವರ ಮೇಲೆ ನನಗೆ ಇವತ್ತಿಗೂ ಸಿಟ್ಟಿಲ್ಲ. ಆದರೆ ಒಂದು ವಿಷಯ ಮನಸ್ಸು ಕೊರೆಯುತ್ತಲೇ ಇದೆ. ಅದೇ ದಿನ ಅದೇ ಡಬ್ಬಿಯಿಂದ ಬಿಪಿ ಮಾತ್ರೆ ಅಂತ ಇನ್ನು ಎಷ್ಟು ಮಂದಿ ಇದನ್ನೇ ತೆಗೆದುಕೊಂಡು ಹೋದರು? ಪಕ್ಕದಲ್ಲಿ ಆಶಾ ಕಾರ್ಯಕರ್ತೆ ಇಲ್ಲದ ಮನೆಯವರು ಏನು ಮಾಡಿದರು? ಯಾರಿಗೂ ಗೊತ್ತಿಲ್ಲ, ಯಾಕೆಂದರೆ ಎಲ್ಲಿಯೂ ಬರೆದಿಲ್ಲ.

ನಮ್ಮ ಹಾಲಿನ ಸೊಸೈಟಿಯಲ್ಲಿ ಎರಡು ಲೀಟರ್ ಹಾಲು ಹಾಕಿದರೂ ಫ್ಯಾಟ್ ಎಷ್ಟು, ರೇಟ್ ಎಷ್ಟು ಅಂತ ಚೀಟಿ ಕೈಗೆ ಬರುತ್ತದೆ. ವ್ಯತ್ಯಾಸ ಇದ್ದರೆ ಅಲ್ಲೇ ಕೇಳಬಹುದು. ಹಾಲಿಗೆ ಇರುವ ಲೆಕ್ಕ ಅಮ್ಮನ ಮಾತ್ರೆಗೆ ಯಾಕಿಲ್ಲ? ಇದು ಸುಮ್ನೆ ಕೇಳುವ ಪ್ರಶ್ನೆ ಅಲ್ಲ.

ನನ್ನ ಬೇಡಿಕೆ ದೊಡ್ಡದೇನಲ್ಲ. ಪ್ರತಿ ಆರೋಗ್ಯ ಕೇಂದ್ರದಲ್ಲಿ ಇಂಥ ತಪ್ಪುಗಳನ್ನು ಬರೆಯಲು ಒಂದು ಪುಸ್ತಕ ಇರಲಿ. ಮಾತ್ರೆ ಬದಲಾದದ್ದು, ಇಂಜೆಕ್ಷನ್ ಕೊಟ್ಟ ಮೇಲೆ ಯಾರಾದರೂ ಬಿದ್ದದ್ದು, ಅವಧಿ ಮುಗಿದ ಔಷಧಿ ಸಿಕ್ಕಿದ್ದು, ಎಲ್ಲವೂ ಅದರಲ್ಲಿ ಬರಲಿ. ತಿಂಗಳ ಕೊನೆಗೆ ಹೊರಗಿನ ಬೋರ್ಡಿನಲ್ಲಿ ನಾಲ್ಕು ಸಾಲು ಕನ್ನಡದಲ್ಲಿ ಹಾಕಲಿ. ಏನಾಯಿತು, ಅದಕ್ಕೆ ಏನು ಬದಲಾಯಿಸಿದೆವು, ಅಷ್ಟೇ ಸಾಕು. ರೋಗಿಯ ಹೆಸರೂ ಬೇಡ, ಸಿಬ್ಬಂದಿಯ ಹೆಸರೂ ಬೇಡ. ತಪ್ಪು ಒಪ್ಪಿಕೊಂಡವರಿಗೇ ನೋಟಿಸ್ ಕೊಟ್ಟರೆ ನಾಳೆಯಿಂದ ಎಲ್ಲರೂ ಮುಚ್ಚಿಡುತ್ತಾರೆ ಅಲ್ವಾ? ಒಬ್ಬರನ್ನೇ ಎರಡು ಕೇಂದ್ರಕ್ಕೆ ಹಾಕಿರುವುದೂ ಆ ಬೋರ್ಡಿನಲ್ಲಿ ಬರಲಿ, ಜನರಿಗೆ ಕಾರಣ ತಿಳಿಯುತ್ತದೆ.

2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ತಾಯಂದಿರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡಾಗ ಡ್ರಿಪ್‌ಗೆ ಹಾಕುವ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಅನುಮಾನ ಬಂದು, ಸರ್ಕಾರ ಆ ಕಂಪನಿಯ ದ್ರಾವಣದ ಬಳಕೆಯನ್ನೇ ನಿಲ್ಲಿಸಿತು. ಪೇಪರಿನಲ್ಲಿ ಓದಿ ನಮಗೆಲ್ಲ ಹೆದರಿಕೆ ಆಗಿತ್ತು. ಅದೇ ದ್ರಾವಣ ನಮ್ಮ ಕಡೆಗೂ ಬಂದಿತ್ತಾ, ಬಂದಿದ್ದರೆ ವಾಪಸ್ ಹೋಯಿತಾ? ನಾನು ಹೋಗುವ ಕೇಂದ್ರದ ಗೋಡೆಯಲ್ಲಿ ಈ ಬಗ್ಗೆ ಒಂದು ಚೀಟಿಯೂ ಕಾಣಲಿಲ್ಲ. ಹೆರಿಗೆಗೆ ದಿನ ಎಣಿಸುತ್ತಿದ್ದ ಹೆಣ್ಣುಮಕ್ಕಳಿಗೆ ಅಷ್ಟಾದರೂ ಹೇಳಬೇಕಿತ್ತು.

ಇದಕ್ಕೆ ಹೊಸ ಕಾನೂನು ಬೇಕಾಗಿಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆಯ ನಾಲ್ಕನೇ ಸೆಕ್ಷನ್, ಯಾರೂ ಅರ್ಜಿ ಹಾಕದೆಯೂ ಕಚೇರಿಗಳು ತಾವಾಗಿಯೇ ಮಾಹಿತಿ ಹೊರಗಿಡಬೇಕು ಎನ್ನುತ್ತದೆ. ಆಸ್ಪತ್ರೆಯ ಕೆಲಸ ನೋಡಲು ಆರೋಗ್ಯ ರಕ್ಷಾ ಸಮಿತಿ ಇದೆ. ಆ ಸಮಿತಿಯಲ್ಲಿ ನಮ್ಮೂರಿನಿಂದ ಯಾರಿದ್ದಾರೆ ಎಂದು ಹತ್ತು ಜನರನ್ನು ಕೇಳಿದೆ, ಒಬ್ಬರಿಗೂ ಗೊತ್ತಿರಲಿಲ್ಲ. ಖಾಸಗಿ ಆಸ್ಪತ್ರೆಗಳೂ ದರಪಟ್ಟಿ ತೂಗುಹಾಕಬೇಕೆಂಬ ನಿಯಮ ನಮ್ಮ ರಾಜ್ಯದಲ್ಲಿದೆ, ದರದ ಜೊತೆಗೆ ಇದನ್ನೂ ಹಾಕಲಿ.

ಓದುವವರಿಗೆ ಉಪಯೋಗಕ್ಕೆ ಬರಬಹುದು ಅಂತ ಒಂದು ಮಾತು. ಔಷಧಿ ತೆಗೆದುಕೊಂಡ ಮೇಲೆ ತೊಂದರೆಯಾದರೆ ರೋಗಿಯೇ ಅಥವಾ ಮನೆಯವರೇ 1800-180-3024ಕ್ಕೆ ಫೋನ್ ಮಾಡಿ ತಿಳಿಸಬಹುದು. ಕೇಂದ್ರ ಸರ್ಕಾರದ ಈ ಸಹಾಯವಾಣಿಗೆ ದುಡ್ಡು ಕೊಡಬೇಕಾಗಿಲ್ಲ. ದೂರು ಇದ್ದರೆ ನಮ್ಮ ರಾಜ್ಯದ 104 ಇದೆ. ಈ ಎರಡು ನಂಬರನ್ನು ಮಾತ್ರೆ ಕೊಡುವ ಕಿಟಕಿಯ ಪಕ್ಕ ದೊಡ್ಡ ಅಕ್ಷರದಲ್ಲಿ ಬರೆಯಲು ಜಾಸ್ತಿ ಖರ್ಚಿಲ್ಲ.

ಈಗ ಅಮ್ಮನ ಶುಗರ್ ಮಾತ್ರೆಯ ಕವರಿಗೆ ಕೆಂಪು ದಾರ ಕಟ್ಟಿದ್ದೇನೆ. ಪಟ್ಟಿಯನ್ನು ಹೆಸರು ಇರುವ ಹಾಗೆಯೇ ಕತ್ತರಿಸಿ ಕೊಡಿ ಎಂದು ಪ್ರತಿ ಸಲ ಕೇಳಿ ತರುತ್ತೇನೆ. ಮುಂದಿನ ಗ್ರಾಮಸಭೆಯಲ್ಲಿ ಪುಸ್ತಕದ ಮತ್ತು ಬೋರ್ಡಿನ ವಿಷಯ ಎತ್ತುತ್ತೇನೆ, ಆಶಾ ಕಾರ್ಯಕರ್ತೆಯೂ ಜೊತೆಗೆ ಮಾತಾಡುತ್ತೇನೆ ಎಂದಿದ್ದಾರೆ. ಜಿಲ್ಲಾ ಆರೋಗ್ಯಾಧಿಕಾರಿಗಳು ಈ ಪತ್ರ ನೋಡಿದರೆ, ಜಿಲ್ಲೆಯ ಯಾವುದಾದರೂ ಒಂದೇ ಕೇಂದ್ರದಲ್ಲಿ ಆರು ತಿಂಗಳು ಇದನ್ನು ಮಾಡಿ ನೋಡಲಿ ಎಂದು ಕೇಳಿಕೊಳ್ಳುತ್ತೇನೆ.

ಇತಿ,
ನಿಮ್ಮ ಓದುಗ
ಉಡುಪಿ