ತುಲೂಸ್‌ಗೆ ಹೊರಟ ಗೆಳೆಯನಿಗೊಂದು ಪತ್ರ

ಹಾಸನ

ಪ್ರಿಯ ರವಿ,

ಸೆಪ್ಟೆಂಬರ್‌ನಲ್ಲಿ ಮಗಳನ್ನು ಕರೆದುಕೊಂಡು ವಿಮಾನ ಕಾರ್ಖಾನೆ ನೋಡಿ ಬರುವ ಯೋಚನೆ ಇದೆ ಎಂದು ಬರೆದಿದ್ದೀಯ. ತುಂಬ ಒಳ್ಳೆಯದು. ಆದರೆ ನೀನು ಕಳಿಸಿದ ಪಟ್ಟಿಯಲ್ಲಿ ಪ್ಯಾರಿಸ್, ಸ್ವಿಟ್ಜರ್ಲೆಂಡ್, ಮ್ಯೂನಿಕ್ ಎಲ್ಲ ಮುಗಿದ ಮೇಲೆ ಆ ಕಾರ್ಖಾನೆಯಿರುವ ಫ್ರಾನ್ಸಿನ ತುಲೂಸ್‌ಗೆ ಉಳಿದಿರುವುದು ಒಂದೇ ದಿನ, ಅದೂ ಭಾನುವಾರ. ಭಾನುವಾರ ಏರ್‌ಬಸ್ ಕಾರ್ಖಾನೆಯ ಪ್ರವಾಸವೇ ಇರುವುದಿಲ್ಲ. ಪಟ್ಟಿಯನ್ನು ತಿರುವಿ ಹಾಕು. ಮೊದಲು ಕಾರ್ಖಾನೆಯ ದಿನ ಗಟ್ಟಿಯಾಗಲಿ, ವಿಮಾನದ ಟಿಕೆಟ್ಟು ಆಮೇಲೆ, ಊರು ನೋಡುವುದು ಕೊನೆಗೆ.

ಕಾರ್ಖಾನೆ ಪ್ರವಾಸವನ್ನು ಆನ್‌ಲೈನ್‌ನಲ್ಲಿ ಮುಂಗಡವಾಗಿ ಕಾಯ್ದಿರಿಸಬೇಕು. ಯುರೋಪಿನ ಹೊರಗಿನವರು ಅಲ್ಲಿಗೆ ಹೋಗಿ ಟಿಕೆಟ್ ತಗೊಂಡರಾಯಿತು ಎಂದುಕೊಂಡರೆ ಕೆಲಸ ಆಗುವುದಿಲ್ಲ. ಹೆಸರು, ರಾಷ್ಟ್ರೀಯತೆ, ಗುರುತಿನ ವಿವರ ಮೊದಲೇ ಕೊಡಬೇಕು, ಆ ದಿನ ಅಸಲಿ ಪಾಸ್‌ಪೋರ್ಟ್ ಕೈಯಲ್ಲಿರಬೇಕು. ಪಾಸ್‌ಪೋರ್ಟನ್ನು ಹೋಟೆಲಿನ ಲಾಕರಿನಲ್ಲಿಟ್ಟು ಫೋನಿನಲ್ಲಿ ಫೋಟೊ ತೋರಿಸಿದರೆ ಒಳಗೆ ಬಿಡುವುದಿಲ್ಲ. ಹೆಚ್ಚಿನ ಸರದಿಗಳು ಫ್ರೆಂಚ್‌ನಲ್ಲಿರುತ್ತವೆ. ಇಂಗ್ಲಿಷ್ ಸರದಿ ಯಾವ ದಿನ ಎಂದು ನೋಡಿಕೊಂಡೇ ದಿನಾಂಕ ಆರಿಸು. ಊರು ತಲುಪಿದ ಮಾರನೇ ದಿನಕ್ಕೇ ಹಾಕಿಕೊಳ್ಳಬೇಡ. ಸಂಪರ್ಕ ವಿಮಾನ ತಪ್ಪಿದರೆ ಸರದಿಯೂ ತಪ್ಪುತ್ತದೆ. ಮೂರನೇ ದಿನಕ್ಕಿಟ್ಟುಕೊಂಡರೆ ನಿಶ್ಚಿಂತೆ.

ನಮ್ಮ ಕಡೆಯವರಿಗೆ ಹೆಸರಿನದು ದೊಡ್ಡ ತೊಡಕು. ಆಧಾರ್‌ನಲ್ಲಿ ಇನಿಷಿಯಲ್, ಪಾಸ್‌ಪೋರ್ಟ್‌ನಲ್ಲಿ ಊರು ಮತ್ತು ತಂದೆ ಹೆಸರು ಬಿಡಿಸಿ ಬರೆದಿರುತ್ತದೆ, ಕೆಲವರಿಗೆ ಸರ್‌ನೇಮ್ ಜಾಗವೇ ಖಾಲಿ. ವಿಮಾನದ ಟಿಕೆಟ್, ವೀಸಾ ಅರ್ಜಿ, ವಿಮೆ, ಕಾರ್ಖಾನೆ ಬುಕಿಂಗ್ ನಾಲ್ಕರಲ್ಲೂ ಪಾಸ್‌ಪೋರ್ಟ್‌ನಲ್ಲಿರುವ ಹೆಸರು ಒಂದಕ್ಷರ ಬಿಡದೆ ಹಾಗೆಯೇ ಬರಲಿ. ಸರ್‌ನೇಮ್ ಖಾಲಿಯಿದ್ದರೆ ಏನು ಬರೆಯಬೇಕು ಎಂಬುದು ಒಂದೊಂದು ವಿಮಾನಯಾನ ಸಂಸ್ಥೆಗೆ ಒಂದೊಂದು ರೀತಿ, ಕೇಳಿಕೊಂಡು ತುಂಬು.

ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿ ನಡೆಯುವ ಷೆಂಗೆನ್ ವೀಸಾಕ್ಕೆ ಹೊರಡುವ ಆರು ತಿಂಗಳ ಮುಂಚೆಯಿಂದ ಅರ್ಜಿ ಹಾಕಬಹುದು, 15 ದಿನಕ್ಕಿಂತ ತಡವಾಗಬಾರದು. ಪಾಸ್‌ಪೋರ್ಟ್ ಕೊಟ್ಟು 10 ವರ್ಷ ದಾಟಿರಬಾರದು, ಯುರೋಪ್ ಬಿಡುವ ದಿನದಿಂದ ಮೂರು ತಿಂಗಳಾದರೂ ಅವಧಿ ಇರಬೇಕು, ಎರಡು ಪುಟ ಖಾಲಿಯಿರಬೇಕು. ಪ್ರಯಾಣ ವಿಮೆ ಕನಿಷ್ಠ 30,000 ಯೂರೋಗೆ. ಮ್ಯೂನಿಕ್ ಮೂಲಕ ಹೋಗುವುದರಿಂದ ಜರ್ಮನಿಯ ವೀಸಾ ಬೇಕೇ ಎಂದು ಕೇಳಿದ್ದೆ. ಬೇಡ. ಹೆಚ್ಚು ದಿನ ಉಳಿಯುವ ದೇಶಕ್ಕೆ ಅರ್ಜಿ ಹಾಕಬೇಕು, ಎರಡು ದೇಶದಲ್ಲಿ ದಿನಗಳು ಸಮವಾದರೆ ಮಾತ್ರ ಮೊದಲು ಕಾಲಿಡುವ ದೇಶಕ್ಕೆ. ಮಗಳಿಗೆ 18 ಆಗಿಲ್ಲ, ಅವಳ ಅಮ್ಮ ಜೊತೆಗೆ ಬರುತ್ತಿಲ್ಲ, ಹಾಗಾಗಿ ತಾಯಿಯ ಒಪ್ಪಿಗೆ ಪತ್ರ ಬೇಕು. ಇದನ್ನು ಮರೆತು ಅರ್ಜಿ ಸಿಕ್ಕಿಬೀಳುವುದೇ ಹೆಚ್ಚು.

ಟಿಕೆಟ್ ತೆಗೆಯುವಾಗ ಬೆಲೆಯ ಜೊತೆ ವಿಮಾನದ ಮಾದರಿಯನ್ನೂ ನೋಡು. ಬುಕಿಂಗ್ ಪುಟದಲ್ಲಿ ಮೂರಕ್ಷರದ ಸಂಕೇತವಿರುತ್ತದೆ: 359 ಎಂದರೆ ಏರ್‌ಬಸ್ ಎ350-900, 351 ಎಂದರೆ ಎ350-1000, 789 ಎಂದರೆ ಬೋಯಿಂಗ್ 787-9, 77ಡಬ್ಲ್ಯೂ ಎಂದರೆ 777-300ಇಆರ್. ಕಾರ್ಖಾನೆಯಲ್ಲಿ ಎ350 ನೋಡುವುದಾದರೆ ಒಂದು ದಿಕ್ಕಿನಲ್ಲಾದರೂ ಅದರಲ್ಲೇ ಹಾರಿರುವುದು ಚೆಂದ. ಅದರಲ್ಲಿ ಬಾಲದ ತುದಿಯ ಕ್ಯಾಮೆರಾ ದೃಶ್ಯ ಸೀಟಿನ ಪರದೆಗೆ ಬರುತ್ತದೆ, ರನ್‌ವೇಯ ನಡುಗೆರೆಗೆ ವಿಮಾನ ಹೊಂದಿಕೊಳ್ಳುವುದನ್ನು ಅವಳಿಗೆ ತೋರಿಸು. ಮಾದರಿ ಕೊನೇ ಗಳಿಗೆಯಲ್ಲಿ ಬದಲಾಗಬಹುದು, ಸೀಟ್ ನಂಬರ್ ಆಗಾಗ ನೋಡುತ್ತಿರು.

ಬೆಂಗಳೂರಿನಿಂದ ಯುರೋಪಿಗೆ ಹೆಚ್ಚಿನವು ನಡುರಾತ್ರಿಯ ನಂತರ ಹೊರಡುತ್ತವೆ, ಹಾಗಾಗಿ ಕಿಟಕಿಯಲ್ಲಿ ಏನಾದರೂ ಕಾಣುವುದು ಕೊನೆಯ ಮೂರು ಗಂಟೆ ಮಾತ್ರ. ಹೋಗುವಾಗ ಎಡಗಡೆ ಕಿಟಕಿ ತಗೋ. ಬೆಳಗಿನ ಬಿಸಿಲು ಬಲಗಡೆ ಹಿಂದಿನಿಂದ ಬೀಳುತ್ತದೆ. ಪೂರ್ವದಿಂದ ಮ್ಯೂನಿಕ್‌ಗೆ ಇಳಿಯುವಾಗ ಆಲ್ಪ್ಸ್ ಪರ್ವತ ಎಡಕ್ಕೆ, ದಕ್ಷಿಣಕ್ಕೆ ಬರುತ್ತದೆ. ಸೀಟು ರೆಕ್ಕೆಯ ಸರಿ ಮೇಲೆ ಬೇಡ. ರೆಕ್ಕೆಯ ಹಿಂದೆ ಕೂತರೆ ಇಳಿಯುವಾಗ ರೆಕ್ಕೆಯ ಹಿಂದಿನ ಅಂಚಿನ ಫ್ಲ್ಯಾಪ್ ಬಿಚ್ಚಿಕೊಳ್ಳುವುದು, ನೆಲ ಮುಟ್ಟಿದ ತಕ್ಷಣ ರೆಕ್ಕೆಯ ಮೇಲಿನ ಸ್ಪಾಯ್ಲರ್ ಹಲಗೆಗಳು ಎದ್ದು ನಿಲ್ಲುವುದು ಪೂರ್ತಿ ಕಾಣುತ್ತದೆ. ಇಮಿಗ್ರೇಷನ್ ಮ್ಯೂನಿಕ್‌ನಲ್ಲೇ ಆಗುತ್ತದೆ. ಈಗ ಬೆರಳಚ್ಚು, ಮುಖದ ಫೋಟೊ ತೆಗೆಯುವುದರಿಂದ ಸಾಲು ನಿಧಾನ. ಎರಡು ವಿಮಾನಗಳ ನಡುವೆ ಮೂರು ಗಂಟೆ ಬಿಡು.

ಚಿಕ್ಕಮಗಳೂರಿನಿಂದ ಮಧ್ಯಾಹ್ನವೇ ಹೊರಟುಬಿಡು. ನೆಲಮಂಗಲದಲ್ಲಿ ತುಮಕೂರು ರಸ್ತೆ ಹಿಡಿದು ಹೆಬ್ಬಾಳದ ಕಡೆ ಹೋದರೆ ಸಂಜೆಯ ಟ್ರಾಫಿಕ್‌ಗೆ ಸಿಕ್ಕುತ್ತೀಯ, ದೊಡ್ಡಬಳ್ಳಾಪುರದ ಮೇಲೆ ದೇವನಹಳ್ಳಿಗೆ ಬಾ. ಅಂತರರಾಷ್ಟ್ರೀಯ ವಿಮಾನಗಳಿಗೆ ಟರ್ಮಿನಲ್ 2. ಒಂದು ದಿನ ಮೊದಲೇ ಬೆಂಗಳೂರಿಗೆ ಬರುವ ಹಾಗಿದ್ದರೆ ಹಳೇ ವಿಮಾನ ನಿಲ್ದಾಣ ರಸ್ತೆಯ ಎಚ್‌ಎಎಲ್ ಸಂಗ್ರಹಾಲಯಕ್ಕೆ ಅವಳನ್ನು ಕರೆದೊಯ್ಯಿ. ಜರ್ಮನ್ ವಿನ್ಯಾಸಕಾರ ಕುರ್ಟ್ ಟ್ಯಾಂಕ್ ನೇತೃತ್ವದಲ್ಲಿ ರೂಪುಗೊಂಡು 1961ರ ಜೂನ್ 17ರಂದು ಮೊದಲು ಹಾರಿದ ಮಾರುತ್ ಯುದ್ಧವಿಮಾನ ಅಲ್ಲಿದೆ. ರಿವೆಟ್ ಹೊಡೆದ ಲೋಹದ ಮೈಯನ್ನು ಇಲ್ಲಿ ಹತ್ತಿರದಿಂದ ನೋಡಿದ್ದರೆ ಎ350ರ ಮೈ ಎಷ್ಟು ಬೇರೆ ಎಂಬುದು ತಾನಾಗಿ ತಿಳಿಯುತ್ತದೆ. ಎ350ಯಲ್ಲಿ ಅರ್ಧಕ್ಕಿಂತ ಹೆಚ್ಚು, ಶೇ. 53ರಷ್ಟು, ಕಾಂಪೊಸಿಟ್ ವಸ್ತು, ಮುಖ್ಯವಾಗಿ ಕಾರ್ಬನ್ ಫೈಬರ್.

ಈಗ ಕಾರ್ಖಾನೆ. ತುಲೂಸ್ ಪಕ್ಕದ ಬ್ಲಾನ್ಯಾಕ್‌ನ ಏರೋಸ್ಕೋಪಿಯಾ ವಸ್ತುಸಂಗ್ರಹಾಲಯದ ಬಳಿಯಿಂದ ಬಸ್ಸಿನಲ್ಲಿ ಕರೆದೊಯ್ಯುತ್ತಾರೆ. ಊರಿನಿಂದ ಟಿ1 ಟ್ರಾಮ್‌ನಲ್ಲಿ ಬೋಝೆಲ್–ಏರೋಸ್ಕೋಪಿಯಾ ನಿಲ್ದಾಣದಲ್ಲಿ ಇಳಿದು ನಡೆಯಬೇಕು. ಸರದಿಗೆ ಅರ್ಧ ಗಂಟೆ ಮೊದಲು ಅಲ್ಲಿರು, ಬಸ್ಸು ಯಾರಿಗೂ ಕಾಯುವುದಿಲ್ಲ. ಒಳಗೆ ಫೋಟೊ, ವಿಡಿಯೊ ಎರಡೂ ಇಲ್ಲ. ಅವಳಿಗೊಂದು ಸಣ್ಣ ನೋಟ್‌ಬುಕ್ ಕೊಡು, ಚಿತ್ರ ಬಿಡಿಸಿಕೊಳ್ಳಲಿ.

ಹೋಗುವ ಮೊದಲು ಯಾವ ಭಾಗ ಎಲ್ಲಿಂದ ಬರುತ್ತದೆ ಎಂದು ತಿಳಿದಿದ್ದರೆ ಜೋಡಣೆಯನ್ನು ಮೇಲಿನಿಂದ ನೋಡುವಾಗ ಅರ್ಥವಾಗುತ್ತದೆ. ಎ350ರ ಮೂತಿ ಮತ್ತು ನಡು ಫ್ರಾನ್ಸಿನ ಸೇನ್-ನಜೇರ್‌ನಿಂದ, ಹಿಂಭಾಗ ಹ್ಯಾಂಬರ್ಗ್‌ನಿಂದ, ನೆಟ್ಟಗಿನ ಬಾಲ ಜರ್ಮನಿಯ ಸ್ಟಾಡೆಯಿಂದ, ಅಡ್ಡಬಾಲ ಸ್ಪೇನಿನ ಹೆತಾಫೆಯಿಂದ. ರೆಕ್ಕೆ ವೇಲ್ಸ್‌ನ ಬ್ರಾಟನ್‌ನಲ್ಲಿ ತಯಾರಾಗಿ, ಬ್ರೆಮೆನ್‌ನಲ್ಲಿ ಚಲಿಸುವ ಭಾಗಗಳನ್ನು ಕೂಡಿಸಿಕೊಂಡು ಬರುತ್ತದೆ. ಕೆಲಸದ ನಿಲ್ದಾಣಗಳಿಗೆ ಇಳಿಕೆಯ ಕ್ರಮದಲ್ಲಿ ಸಂಖ್ಯೆ: 50ರಲ್ಲಿ ಮೈಯ ಮೂರು ತುಂಡು ಕೂಡುತ್ತವೆ, 40ರಲ್ಲಿ ರೆಕ್ಕೆ ಮತ್ತು ಬಾಲ, 30ರಲ್ಲಿ ನೆಲದ ಮೇಲಿನ ಪರೀಕ್ಷೆಗಳು. ಒಂದೊಂದು ರೆಕ್ಕೆ ಸುಮಾರು 32 ಮೀಟರ್. ಜೋಡಿಸಿದ ಮೇಲೆ ತುದಿಯಿಂದ ತುದಿಗೆ 64.75 ಮೀಟರ್.

ಅಲ್ಲಿ ಎರಡು ವಿಷಯ ಗಮನಿಸಿ ನೋಡಲಿಕ್ಕೆ ಹೇಳು. ಒಂದು, ಮೈಗೆಲ್ಲ ಇನ್ನೂ ಬಣ್ಣವಿಲ್ಲದಿದ್ದರೂ ಬಾಲದ ಮೇಲೆ ವಿಮಾನಯಾನ ಸಂಸ್ಥೆಯ ಬಣ್ಣ ಬಂದುಬಿಟ್ಟಿರುತ್ತದೆ. ಬಾಲದ ಹಿಂದೆ ಅತ್ತಿತ್ತ ತಿರುಗುವ ರಡ್ಡರ್ ಮೇಲಿನ ಬಣ್ಣಕ್ಕೂ ತೂಕವಿದೆ, ಬಣ್ಣದ ತೂಕ ಸೇರಿಸಿಯೇ ಅದರ ಸಮತೋಲ ಹೊಂದಿಸಬೇಕು, ಅದಕ್ಕೆ ಜೋಡಿಸುವ ಮೊದಲೇ ಬಳಿಯುತ್ತಾರೆ. ಯಾರ ವಿಮಾನ ಎಂದು ಬಾಲ ನೋಡಿಯೇ ಹೇಳಬಹುದು. ಇನ್ನೊಂದು, ಎಂಜಿನ್. ಎಂಜಿನ್ ಕೊನೆಗೆ ಬರುತ್ತದೆ. ಅದು ಬರುವುದು ತಡವಾದ ವಿಮಾನ ಹೊರಗೆ ನಿಂತಿದ್ದರೆ ರೆಕ್ಕೆಯ ಕೆಳಗೆ ಎಂಜಿನ್ ಜಾಗದಲ್ಲಿ ಭಾರದ ದಿಮ್ಮಿಗಳು ತೂಗುತ್ತಿರುವುದು ಕಾಣಬಹುದು. ಎಂಜಿನ್ ಚಕ್ರಗಳಿಗಿಂತ ಮುಂದೆ ಇರುವ ಭಾರ. ಅದಿಲ್ಲದಿದ್ದರೆ ಹಿಂದೆ ಮೂಟೆ ಹೇರಿದ ಎತ್ತಿನ ಗಾಡಿಯ ಹಾಗೆ ಮೂತಿ ಮೇಲೆದ್ದು ಬಾಲ ನೆಲಕ್ಕೆ ಬೀಳುತ್ತದೆ. ಎ350ರ ಟ್ರೆಂಟ್ ಎಕ್ಸ್‌ಡಬ್ಲ್ಯೂಬಿ ಎಂಜಿನ್ನಿನ ಮುಂದಿನ ಫ್ಯಾನಿನ ಅಡ್ಡಳತೆಯೇ ಸುಮಾರು ಮೂರು ಮೀಟರ್.

ಭಾಗಗಳನ್ನು ಹೊತ್ತು ತರುವ ಬೆಲೂಗ ಎಕ್ಸ್‌ಎಲ್ ಕಂಡರೆ ಅದೃಷ್ಟ. ಎ330 ಆಧಾರದ ಈ ವಿಮಾನ 2018ರ ಜುಲೈ 19ರಂದು ಮೊದಲು ಹಾರಿತು, 2020ರಿಂದ ಕೆಲಸದಲ್ಲಿದೆ. ಹಳೆಯ ಬೆಲೂಗ ಎ350ರ ಒಂದು ರೆಕ್ಕೆ ತರುತ್ತಿತ್ತು, ಇದು ಜೋಡಿಯನ್ನೇ ತರುತ್ತದೆ. ವಾರದ ದಿನಗಳಲ್ಲಿ ಕಾಣುವ ಸಂಭವ ಹೆಚ್ಚು. ವಿಮಾನಗಳು ಯಾವ ದಿಕ್ಕಿನಿಂದ ಇಳಿಯುತ್ತವೆ ಎಂಬುದು ಗಾಳಿಯ ಮೇಲಿದೆ. ಅಲ್ಲಿನ ರನ್‌ವೇಗಳು 14 ಮತ್ತು 32, ಅಂದರೆ 140 ಮತ್ತು 320 ಡಿಗ್ರಿ. ಪಶ್ಚಿಮ ಅಥವಾ ವಾಯವ್ಯದ ಗಾಳಿ ಇದ್ದರೆ 32, ಆಗ ಊರಿನ ಪಕ್ಕದಿಂದ ಇಳಿಯುತ್ತವೆ. ನೀವು ಇಳಿಯುವ ವಿಮಾನವೂ ಹಾಗೇ ಬಂದರೆ ಗರೋನ್ ನದಿ ಮತ್ತು ಊರು ಬಲಗಡೆ ಕಾಣುತ್ತವೆ. ಆಗ್ನೇಯದಿಂದ ಓತಾನ್ ಗಾಳಿ ಬೀಸಿದ ದಿನ ಎಲ್ಲ ತಿರುಗುಮುರುಗು. ದೂರದ ಲೆನ್ಸ್ ಹಿಡಿದು ನಿಲ್ಲುವ ಮೊದಲು ಗಾಳಿ ನೋಡಿಕೊಳ್ಳಿ.

ಏರೋಸ್ಕೋಪಿಯಾಗೆ ಪ್ರತ್ಯೇಕವಾಗಿ ಅರ್ಧ ದಿನ ಬೇಕು. ಅಲ್ಲಿ ಶಬ್ದಕ್ಕಿಂತ ವೇಗವಾಗಿ ಹಾರುತ್ತಿದ್ದ ಕಾಂಕಾರ್ಡ್ ವಿಮಾನಗಳು ಎರಡಿವೆ. ಅದರಲ್ಲೊಂದು 2003ರ ಜೂನ್ 27ರಂದು ಏರ್ ಫ್ರಾನ್ಸ್‌ನ ಕೊನೆಯ ಕಾಂಕಾರ್ಡ್ ಹಾರಾಟ ಮಾಡಿ ತುಲೂಸ್‌ಗೆ ಬಂದದ್ದು. ಬೆಲೂಗಕ್ಕಿಂತ ಮೊದಲು ಭಾಗಗಳನ್ನು ಹೊರುತ್ತಿದ್ದ ಸೂಪರ್ ಗಪ್ಪಿಯೂ ಇದೆ, ಅದರ ಮೂತಿ ಬಾಗಿಲಿನಂತೆ ಪಕ್ಕಕ್ಕೆ ತೆರೆಯುತ್ತದೆ.

ಊರಿನ ಇನ್ನೊಂದು ಕಡೆ ಸಿತೆ ದ ಲೆಸ್ಪಾಸ್ ಬಾಹ್ಯಾಕಾಶ ಉದ್ಯಾನ ಬಿಡಬೇಡ. ಅಲ್ಲಿ 53 ಮೀಟರ್ ಎತ್ತರದ ಏರಿಯಾನ್ 5 ರಾಕೆಟ್ಟಿನ ಪೂರ್ಣ ಗಾತ್ರದ ಮಾದರಿ ನಿಂತಿದೆ. 2018ರ ಡಿಸೆಂಬರ್ 5ರಂದು ಜಿಸ್ಯಾಟ್-11 ಉಪಗ್ರಹವನ್ನು ಫ್ರೆಂಚ್ ಗಯಾನಾದಿಂದ ಒಯ್ದದ್ದು ಇದೇ ಬಗೆಯ ರಾಕೆಟ್. ಕಕ್ಷೆ ಸೇರಿದ ಮೇಲೆ ಅದರ ನಿಯಂತ್ರಣ ವಹಿಸಿಕೊಂಡದ್ದು ನಮ್ಮ ಹಾಸನದ ಎಂಸಿಎಫ್, ಅಂದರೆ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ. ಇದನ್ನು ಅವಳಿಗೆ ಆ ರಾಕೆಟ್ಟಿನ ಬುಡದಲ್ಲಿ ನಿಂತೇ ಹೇಳು.

ಊರೊಳಗೆ ಸೇನ್-ಸೆರ್ನಾನ್ ಚರ್ಚು, ಕಾಲುವೆ ದಂಡೆ ಸಾಕು. ಆ ಚರ್ಚಿನ ಪ್ರತಿಷ್ಠಾಪನೆ 1096ರಲ್ಲಿ, ನಮ್ಮ ಬೇಲೂರು ಚೆನ್ನಕೇಶವನದು 1117. ಬಳಪದ ಕಲ್ಲು ನೋಡಿದ ಕಣ್ಣಿಗೆ ಅದೇ ಕಾಲದ ಇಟ್ಟಿಗೆ ಕೆಲಸ ನೋಡುವುದು ಬೇರೆಯದೇ ಅನುಭವ. ಒಂದು ದಿನ ಮಿಕ್ಕರೆ ರೈಲಿನಲ್ಲಿ ಸುಮಾರು ಒಂದು ಗಂಟೆಯ ಕಾರ್ಕಸೋನ್ ಕೋಟೆ. ಸ್ವಿಟ್ಜರ್ಲೆಂಡ್ ಈ ಸಲ ಬಿಡು.

ಊಟದ ವಿಷಯ. ಹೋಟೆಲುಗಳು ಮಧ್ಯಾಹ್ನ 12ರಿಂದ 2, ಆಮೇಲೆ ಸಂಜೆ 7ರವರೆಗೆ ಹೆಚ್ಚಿನವು ಮುಚ್ಚಿರುತ್ತವೆ. ಊರಿನ ಹೆಸರಾಂತ ಕಸೂಲೆ ಹುರುಳಿಕಾಯಿ ಬೀಜದ್ದೇ ಆದರೂ ಅದರಲ್ಲಿ ಬಾತುಕೋಳಿ, ಹಂದಿ ಮಾಂಸ ಇರುತ್ತದೆ, ಸಸ್ಯಾಹಾರಿಗಳು ಕೇಳಿಕೊಂಡು ತಿನ್ನಬೇಕು. ಅವಲಕ್ಕಿ, ಚಟ್ನಿಪುಡಿ, ನಿಮ್ಮ ತೋಟದ ಕಾಫಿಪುಡಿ ಒಯ್ಯಬಹುದು. ತುಪ್ಪ, ಹಸಿ ಕರಿಬೇವು ಬೇಡ. ಹೊರಗಿನಿಂದ ಹಾಲಿನ ಪದಾರ್ಥ ತರುವುದನ್ನು ಯುರೋಪ್ ಒಕ್ಕೂಟ ನಿಷೇಧಿಸಿದೆ, ಹಸಿ ಸೊಪ್ಪಿಗೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು, ಇಲ್ಲದಿದ್ದರೆ ಕಸ್ಟಮ್ಸ್‌ನಲ್ಲಿ ಕಿತ್ತುಕೊಳ್ಳುತ್ತಾರೆ.

ಇಂಗ್ಲಿಷ್ ಸರದಿ ಸಿಕ್ಕ ದಿನವೇ ಎರಡು ಮೂರು ದಿನಾಂಕ ಬರೆದು ಕಳಿಸು, ವಿಮಾನಗಳ ಮಾದರಿ ನೋಡಿ ಯಾವುದು ಸರಿ ಎಂದು ತಿಳಿಸುತ್ತೇನೆ. ಪಾಸ್‌ಪೋರ್ಟಿನ ಮುಕ್ತಾಯದ ದಿನಾಂಕ ಇವತ್ತೇ ನೋಡು, ನವೀಕರಣ ಬೇಕಿದ್ದರೆ ಎಲ್ಲಕ್ಕಿಂತ ಮೊದಲು ಆ ಕೆಲಸ.

ನಿನ್ನ
ಸತೀಶ